ಇಪ್ಪತ್ತು ವರ್ಷದ ಬೈಕು, ಇಬ್ಬರು ಮಾಲೀಕರು

ಐರ್ಲೆಂಡಿಗೆ ಬಂದು ಒಂದು ತಿಂಗಳಾಗುವಷ್ಟರಲ್ಲಿ ಎಲ್ಲರಿಗೂ ಅರ್ಥವಾಗೋ ವಿಷಯ ಒಂದಿದೆ. ಇಲ್ಲಿ ನೋಡಬೇಕಾದ ಜಾಗಗಳು ಒಂದು ಕಡೆ, ಬಸ್ಸು ಸುಲಭವಾಗಿ ಹೋಗುವ ಜಾಗಗಳು ಇನ್ನೊಂದು ಕಡೆ. ಲಿಮರಿಕ್‌ನಿಂದ ಡಬ್ಲಿನ್, ಕಾರ್ಕ್, ಗಾಲ್ವೇ ಕಡೆ ಹೋಗೋಕೆ ತೊಂದರೆಯೇ ಇಲ್ಲ. ಆದ್ರೆ ಕ್ಲೇರ್ ಜಿಲ್ಲೆಯ ತುದಿಯಲ್ಲಿರೋ ಲೂಪ್ ಹೆಡ್ ದೀಪಸ್ತಂಭಕ್ಕೆ, ಕೆರಿಯ ಕಾನರ್ ಪಾಸ್ ಘಾಟಿಗೆ ಹೋಗಿ ಸಂಜೆಯೊಳಗೆ ವಾಪಸ್ ಬರಬೇಕು ಅಂದ್ರೆ ಸ್ವಂತ ಗಾಡಿ ಬೇಕು. ಡೊನೆಗಾಲ್‌ನಿಂದ ಕಾರ್ಕ್‌ನ ಕಿನ್ಸೇಲ್ ತನಕ ಪಶ್ಚಿಮ ಕಡಲನ್ನು ಹಿಡಿದು ಸುಮಾರು 2,500 ಕಿಲೋಮೀಟರ್ ಹೋಗುವ ವೈಲ್ಡ್ ಅಟ್ಲಾಂಟಿಕ್ ವೇ ಅನ್ನೋ ದಾರಿ ನಮ್ಮ ಮನೆಯಿಂದ ಒಂದೆರಡು ಗಂಟೆ ದೂರದಲ್ಲೇ ಇತ್ತು. ಅದರ ನಕ್ಷೆಯನ್ನು ಅಡುಗೆಮನೆ ಗೋಡೆಗೆ ಅಂಟಿಸಿಕೊಂಡು, ಅದನ್ನೇ ನೋಡ್ತಾ ಅನ್ನ ಸಾರು ಉಣ್ಣೋದೇ ನಮ್ಮ ಪ್ರವಾಸ ಆಗಿತ್ತು.

ನಾವು ಅಂದ್ರೆ ಇಬ್ಬರು. ಒಬ್ಬನದು ದಾವಣಗೆರೆ, ಇನ್ನೊಬ್ಬನದು ಪುತ್ತೂರು. ಇಬ್ಬರೂ ಓದಿದ್ದು ಮೆಕ್ಯಾನಿಕಲ್. ಓದುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದಾದ ಸ್ಟ್ಯಾಂಪ್ 2 ಜೀವನ ಇಬ್ಬರದೂ. ಒಬ್ಬೊಬ್ಬರೇ ಗಾಡಿ ತಗೊಳ್ಳೋ ಶಕ್ತಿ ಇಲ್ಲ, ಇಬ್ಬರೂ ಸೇರಿ ಒಂದು ತಗೊಳ್ಳೋಣ ಅಂತ ತೀರ್ಮಾನ ಮಾಡಿದ್ವಿ. ಮಳೆ, ಗಾಳಿ, ಲಗೇಜು, ದೂರ ಇಷ್ಟನ್ನೂ ತಡೆಯೋದು ಟೂರಿಂಗ್ ಬೈಕು. ಹೊಸದು ಕನಸಿನ ಮಾತು, ಹಾಗಾಗಿ ಹಳೇದೇ ಗತಿ. ಅಲ್ಲಿಂದ ಗಾಡಿ ಮನೆ ಮುಂದೆ ನಿಲ್ಲೋವರೆಗೆ ನಾವು ಕಲಿತದ್ದನ್ನು ಈ ಸಲದ ಸಂಚಿಕೆಗೆ ಬರೀತಿದ್ದೀವಿ. ಪ್ರತಿ ಸೆಪ್ಟೆಂಬರಿನಲ್ಲೂ ಹೊಸದಾಗಿ ಬಂದವರು ಇದೇ ಪ್ರಶ್ನೆ ಕೇಳ್ತಾರೆ.

ಮೊದಲು ಲೈಸೆನ್ಸ್

ಊರಿನ ಲೈಸೆನ್ಸ್ ಕೊಟ್ಟು ಇಲ್ಲಿನ ಲೈಸೆನ್ಸ್ ಪಡೆಯಬಹುದು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಹಾಗೆ ಬದಲಾಯಿಸಿಕೊಡುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಹತ್ತು ವರ್ಷ ಸ್ಪ್ಲೆಂಡರ್ ಓಡಿಸಿದವರೂ ಇಲ್ಲಿ ಅ ಆ ಇ ಈಯಿಂದಲೇ ಶುರು ಮಾಡಬೇಕು. ಮೊದಲು ಥಿಯರಿ ಟೆಸ್ಟ್, ಆಮೇಲೆ ಲರ್ನರ್ ಪರ್ಮಿಟ್, ಆಮೇಲೆ ಐಬಿಟಿ ಅನ್ನೋ 16 ಗಂಟೆಯ ಕಡ್ಡಾಯ ತರಬೇತಿ. ಅದು ಮುಗಿದ ಮೇಲೆ ಒಬ್ಬರೇ ರಸ್ತೆಗಿಳಿಯಬಹುದು. ಆದರೆ ಎಲ್ ಅಕ್ಷರದ ಹಳದಿ ಜಾಕೆಟ್ ಹಾಕಿರಬೇಕು, ಮೋಟರ್‌ವೇ ಹತ್ತುವ ಹಾಗಿಲ್ಲ, ಹಿಂದೆ ಯಾರನ್ನೂ ಕೂರಿಸಿಕೊಳ್ಳುವ ಹಾಗಿಲ್ಲ. ಡ್ರೈವಿಂಗ್ ಟೆಸ್ಟ್ ಪಾಸಾಗುವವರೆಗೆ ಇದೇ ನಿಯಮ.

ಕೊನೆಯ ನಿಯಮ ಓದಿದಾಗ ಪುತ್ತೂರಿನವ ಪುಸ್ತಕ ಮುಚ್ಚಿಟ್ಟ. “ಎಂತ ಮಾರಾಯ ಇದು, ಇಬ್ಬರೂ ದುಡ್ಡು ಹಾಕಿ ಒಟ್ಟಿಗೆ ಹೋಗ್ಲಿಕ್ಕೆ ಇಲ್ವಾ?” ಇಲ್ಲ. ಶನಿವಾರ ಒಬ್ಬರದು, ಭಾನುವಾರ ಇನ್ನೊಬ್ಬರದು ಅಂತ ಒಪ್ಪಂದ ಆಯ್ತು.

ಇನ್ನೊಂದು ತೊಡಕು ವಯಸ್ಸಿನದು. ಇಲ್ಲಿ ಬೈಕ್ ಲೈಸೆನ್ಸ್ ಮೆಟ್ಟಿಲು ಮೆಟ್ಟಿಲಾಗಿದೆ. ಎ1 ಅಂದ್ರೆ 125 ಸಿಸಿ ತನಕ. ಎ2 ಅಂದ್ರೆ 35 ಕಿಲೋವ್ಯಾಟ್ ತನಕ, 18 ತುಂಬಿರಬೇಕು. ಎ ಅಂದ್ರೆ ಮಿತಿ ಇಲ್ಲ, ಆದರೆ ನೇರವಾಗಿ ಎ ಪಡೆಯಲು 24 ತುಂಬಿರಬೇಕು, ಇಲ್ಲಾಂದ್ರೆ ಎರಡು ವರ್ಷ ಎ2 ಇಟ್ಟುಕೊಂಡಿರಬೇಕು. ನಮ್ಮಲ್ಲಿ ದೊಡ್ಡವನಿಗೆ ಆಗಷ್ಟೇ 24 ಆಗಿತ್ತು, ಚಿಕ್ಕವನಿಗೆ 22. ದೊಡ್ಡವನು ಯಾವ ಗಾಡಿ ಬೇಕಾದರೂ ತಗೊಳ್ಳಬಹುದು, ಚಿಕ್ಕವನಿಗೆ ಎ2 ಮಾತ್ರ. ಗಾಡಿ ಒಂದೇ ಅಂದ ಮೇಲೆ ಚಿಕ್ಕವನ ಲೆಕ್ಕಕ್ಕೇ ದೊಡ್ಡವನು ಇಳಿಯಬೇಕು. ಹೇಳೋಕೆ ಸುಲಭ. ಅದರ ಬೆಲೆ ಗೊತ್ತಾಗಿದ್ದು ಗಾಡಿಗಳ ಫೋಟೋ ನೋಡೋಕೆ ಶುರು ಮಾಡಿದ ಮೇಲೆ.

ಯಾವ ಗಾಡಿ?

ದೊಡ್ಡವನ ಮನಸ್ಸಿದ್ದದ್ದು ಹೋಂಡಾ ಎಸ್‌ಟಿ1100 ಪ್ಯಾನ್ ಯುರೋಪಿಯನ್ ಮೇಲೆ. 1990ರಲ್ಲಿ ಬಂದ ಗಾಡಿ, 2002ರ ತನಕ ತಯಾರಾಯ್ತು. 1,084 ಸಿಸಿಯ ವಿ-4 ಇಂಜಿನ್, 28 ಲೀಟರ್ ಟ್ಯಾಂಕ್, ಚೈನಿನ ಬದಲು ಶಾಫ್ಟ್ ಡ್ರೈವ್. ಯುರೋಪಿನ ಎಷ್ಟೋ ಕಡೆ ಪೊಲೀಸರು ವರ್ಷಗಟ್ಟಲೆ ಓಡಿಸಿದ ಗಾಡಿ ಇದು. ಹಳೆಯದಾದ್ದರಿಂದ ಬೆಲೆಯೂ ಕೈಗೆಟುಕುತ್ತಿತ್ತು. ಆದರೆ ತೂಕ 300 ಕಿಲೋ ದಾಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಎ2 ನಿಯಮದಲ್ಲಿ ಒಂದು ಸಣ್ಣ ಸಾಲಿದೆ. ದೊಡ್ಡ ಇಂಜಿನ್ನಿಗೆ ಕಿಟ್ ಹಾಕಿ ಶಕ್ತಿಯನ್ನು 35 ಕಿಲೋವ್ಯಾಟಿಗೆ ಇಳಿಸಬಹುದು, ಆದರೆ ಅದರ ಮೂಲ ಶಕ್ತಿ ಅದರ ಎರಡರಷ್ಟನ್ನು, ಅಂದ್ರೆ 70 ಕಿಲೋವ್ಯಾಟನ್ನು, ಮೀರಿರಬಾರದು. ಪ್ಯಾನ್ ಯುರೋಪಿಯನ್‌ದು 74. ನಾಲ್ಕು ಕಿಲೋವ್ಯಾಟಲ್ಲಿ ಆ ಆಸೆ ಮುಗೀತು. ಬಿಎಂಡಬ್ಲ್ಯು ಆರ್1150ಆರ್‌ಟಿ ಕೂಡ ನೋಡಿದ್ವಿ. ಅದರ ಶಕ್ತಿ ಸರಿಯಾಗಿ ಗಡಿಯ ಮೇಲೆ ಇದೆ, ತೂಕ 279 ಕಿಲೋ. ಕೆಟ್ಟರೆ ನಾವೇ ಬಿಚ್ಚಿ ಸರಿ ಮಾಡುವ ಧೈರ್ಯ ಬರಲಿಲ್ಲ.

ಕೊನೆಗೆ ಕಣ್ಣು ನಿಂತದ್ದು ಹೋಂಡಾ ಡೋವಿಲ್ ಮೇಲೆ. ಫ್ರಾನ್ಸಿನ ಕಡಲತೀರದ ಒಂದು ಊರಿನ ಹೆಸರು, ತಯಾರಾದದ್ದು ಸ್ಪೇನ್‌ನಲ್ಲಿ. 1998ರಿಂದ 2005ರ ತನಕ ಬಂದ ಎನ್‌ಟಿ650ವಿ ಅನ್ನೋ ಮಾದರಿಯಲ್ಲಿ 647 ಸಿಸಿಯ ವಿ-ಟ್ವಿನ್ ಇಂಜಿನ್, ನೀರಿನ ಕೂಲಿಂಗ್, ಐದು ಗೇರು, ಶಾಫ್ಟ್ ಡ್ರೈವ್, ಮೈಗೇ ಸೇರಿಕೊಂಡಂತಿರೋ ಎರಡು ಲಗೇಜ್ ಪೆಟ್ಟಿಗೆ. ಶಕ್ತಿ ಸುಮಾರು 41 ಕಿಲೋವ್ಯಾಟ್, ಕಿಟ್ ಹಾಕಿ 35ಕ್ಕೆ ಇಳಿಸೋದು ಸಲೀಸು. ಪೆಟ್ರೋಲ್ ತುಂಬಿದರೆ 250 ಕಿಲೋ ಹತ್ತಿರ, ಅಂದ್ರೆ ಎರಡು ಸ್ಪ್ಲೆಂಡರಿಗಿಂತ ಸ್ವಲ್ಪ ಹೆಚ್ಚು. ನೋಡೋಕೆ ಸುಂದರಿ ಏನಲ್ಲ. ದಾವಣಗೆರೆಯವ ಫೋಟೋ ನೋಡಿ “ಲೇ, ಇದು ಬೈಕೋ ಫ್ರಿಜ್ಜೋ?” ಅಂದ. ಆದರೆ ವಾಲ್ವ್ ಕ್ಲಿಯರೆನ್ಸ್ ಸ್ಕ್ರೂ ತಿರುಗಿಸಿ ಸರಿ ಮಾಡಬಹುದಾದ, ಕಾರ್ಬೊರೇಟರ್ ಇರುವ, ಕಂಪ್ಯೂಟರ್ ಕಡಿಮೆ ಇರುವ ಇಂಜಿನ್. ನಮ್ಮಂಥವರ ಕೈಗೆ ಅದೇ ಸರಿ.

ಇಲ್ಲಿ ಒಂದು ಮಾತು ಹೇಳಬೇಕು. ಹಳೇ ಗಾಡಿ ಅಂದ್ರೆ ಎಷ್ಟು ಹಳೇದು ಅಂತ ಹೆದರೋ ಅಗತ್ಯ ನಮಗೆ, ಕನ್ನಡದವರಿಗೆ, ಇರಬಾರದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇವತ್ತಿಗೂ ಮೈಸೂರು, ಬೆಂಗಳೂರು ರಸ್ತೆಗಳಲ್ಲಿ ಓಡ್ತಿವೆ. ಕಾರಣ ಏನು? ಇಂಜಿನ್ ಸರಳ, ಅದನ್ನು ಬಿಚ್ಚೋಕೆ ಬರುವ ಮೆಕ್ಯಾನಿಕ್‌ಗಳಿದ್ದಾರೆ, ಬಿಡಿ ಭಾಗ ಹುಡುಕಿ ಕೊಡುವ ಗೆಳೆಯರ ಬಳಗ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ಇಟ್ಟುಕೊಂಡವರು ಪ್ರೀತಿಯಿಂದ ಇಟ್ಟುಕೊಂಡಿದ್ದಾರೆ. ಗಾಡಿಯ ಆಯಸ್ಸು ಅದು ಹುಟ್ಟಿದ ವರ್ಷದಲ್ಲಿ ಇಲ್ಲ, ಇಷ್ಟರಲ್ಲಿ ಇದೆ. ಇಲ್ಲೂ ಅದೇ ಲೆಕ್ಕ ಹಿಡಿದು ನೋಡಿದ್ವಿ. ಬಿಡಿ ಭಾಗ ಸಿಗುತ್ತಾ, ಹತ್ತಿರ ಯಾರಾದ್ರೂ ಬಲ್ಲವರಿದ್ದಾರಾ, ಹಿಂದಿನವರು ಹೇಗೆ ಇಟ್ಟಿದ್ದರು.

ಬೆಲೆಗಿಂತ ಮೊದಲು ವಿಮೆ

ಊರಲ್ಲಿ ನಾವು ಮೊದಲು ಗಾಡಿ ನೋಡ್ತೀವಿ, ಇನ್ಶೂರೆನ್ಸ್ ಆಮೇಲಿನ ಮಾತು. ಇಲ್ಲಿ ತಿರುವುಮುರುವು. ಇಷ್ಟವಾದ ಮಾದರಿಯ ಹೆಸರು, ವರ್ಷ ಹಿಡಿದು ಮೊದಲು ವಿಮೆಯವರಿಗೆ ಫೋನ್ ಮಾಡಿ. ಇಪ್ಪತ್ತೆರಡು ವರ್ಷದ, ಲರ್ನರ್ ಪರ್ಮಿಟ್ಟಿನ, ಈ ದೇಶದಲ್ಲಿ ಯಾವ ಹಿನ್ನೆಲೆಯೂ ಇಲ್ಲದ ಹುಡುಗನಿಗೆ ವಿಮೆ ಕೊಡಿ ಅಂದ್ರೆ ಕೆಲವರು ಆಗಲ್ಲ ಅಂದರು, ಒಬ್ಬರು ಗಾಡಿಯ ಬೆಲೆಗಿಂತ ಹೆಚ್ಚು ಹೇಳಿದರು. ಕೊನೆಗೆ ಥರ್ಡ್ ಪಾರ್ಟಿ ಮಟ್ಟಿಗೆ, ಒಬ್ಬನ ಹೆಸರಲ್ಲಿ ಪಾಲಿಸಿ, ಇನ್ನೊಬ್ಬ ನೇಮ್ಡ್ ರೈಡರ್ ಅಂತ ವರ್ಷಕ್ಕೆ 980 ಯೂರೊಗೆ ಒಪ್ಪಿಕೊಂಡರು. ಶಕ್ತಿ ಇಳಿಸಿದ ಸರ್ಟಿಫಿಕೇಟ್ ಕೊಡಬೇಕು ಅನ್ನೋ ಷರತ್ತಿನ ಮೇಲೆ.

ರಸ್ತೆ ತೆರಿಗೆ ಮಾತ್ರ ಸಂತೋಷದ ಸುದ್ದಿ. 200 ಸಿಸಿ ದಾಟಿದ ಯಾವ ಬೈಕಿಗಾದರೂ ವರ್ಷಕ್ಕೆ 88 ಯೂರೊ. ಕಾರಿನವರ ಮುಂದೆ ಇದನ್ನ ಜೋರಾಗಿ ಹೇಳಬೇಡಿ.

ಬ್ರಿಟನ್ನಿನಿಂದ ತರಿಸಿದ್ರೆ ಅಗ್ಗ ಅಂತ ಕೆಲವರು ಹೇಳಿದ್ರು. ಬ್ರೆಕ್ಸಿಟ್ ಆದ ಮೇಲೆ ಅಲ್ಲಿಂದ ತರುವ ಗಾಡಿಗೆ ಕಸ್ಟಮ್ಸ್, ವ್ಯಾಟ್ ಎರಡೂ ಬೀಳಬಹುದು. ಅದರ ಮೇಲೆ ವಿಆರ್‌ಟಿ ಅನ್ನೋ ನೋಂದಣಿ ತೆರಿಗೆ. ಬೈಕಿಗೆ ಅದರ ಲೆಕ್ಕ ಸಿಸಿ ಮೇಲೆ. ಮೊದಲ 350 ಸಿಸಿಗೆ ಸಿಸಿಗೆ 2 ಯೂರೊ, ಅದರ ಮೇಲಿನ ಪ್ರತಿ ಸಿಸಿಗೆ 1 ಯೂರೊ, ಗಾಡಿ ಹಳೆಯದಾದಷ್ಟೂ ರಿಯಾಯಿತಿ. ಹಳೇ ಗಾಡಿಗೆ ವಿಆರ್‌ಟಿ ದೊಡ್ಡ ಮೊತ್ತ ಆಗಲ್ಲ, ಆದರೆ ಓಡಾಟ, ಕಾಗದ, ಕಾಯುವಿಕೆ ಎಲ್ಲಾ ಸೇರಿ ಉಳಿತಾಯ ಏನೂ ಕಾಣಲಿಲ್ಲ. ಐರಿಶ್ ನಂಬರಿನ ಗಾಡಿಯನ್ನೇ ಹುಡುಕಿದ್ವಿ. ನಮ್ಮ ಕೆಎ-17, ಕೆಎ-21 ಥರ ಇಲ್ಲಿನ ನಂಬರ್ ಪ್ಲೇಟೂ ಮಾತಾಡುತ್ತೆ. ಮೊದಲ ಎರಡಂಕಿ ಮೊದಲ ನೋಂದಣಿಯ ವರ್ಷ, ಆಮೇಲೆ ಜಿಲ್ಲೆಯ ಅಕ್ಷರ. 2013ರಿಂದೀಚೆಗೆ ಮಾತ್ರ ವರ್ಷದ ಜೊತೆ ಮೊದಲರ್ಧ, ಎರಡನೇ ಅರ್ಧ ಅಂತ ಇನ್ನೊಂದು ಅಂಕಿ ಸೇರಿದೆ.

ಇಲ್ಲಿ ಪರೀಕ್ಷೆ ಮಾಡುವವರು ನೀವೇ

ಕಾರಿಗೆ ಎನ್‌ಸಿಟಿ ಅಂತ ಪರೀಕ್ಷೆ ಇದೆ ಅಂತ ಕಾರು ತಗೊಂಡವರಿಗೆಲ್ಲ ಗೊತ್ತು. ಬೈಕಿಗೆ ಆ ಪರೀಕ್ಷೆ ಇಲ್ಲ. ಇಪ್ಪತ್ತು ವರ್ಷದ ಬೈಕಿನ ಬ್ರೇಕು, ಚಕ್ರ, ಚಾಸಿ ಸರಿ ಇದೆ ಅಂತ ಯಾವ ಸರ್ಕಾರಿ ಕಾಗದವೂ ಹೇಳಲ್ಲ. ಊರಲ್ಲಾದರೂ 15 ವರ್ಷ ತುಂಬಿದ ಮೇಲೆ ಎಫ್‌ಸಿ ಮಾಡಿಸಿ ನೋಂದಣಿ ಮುಂದುವರಿಸಬೇಕು. ಇಲ್ಲಿ ಅದೂ ಇಲ್ಲ. ಅಂಗಡಿಯಿಂದ ಕೊಂಡರೆ 2022ರ ಗ್ರಾಹಕ ಹಕ್ಕುಗಳ ಕಾಯ್ದೆಯ ರಕ್ಷಣೆ ಇದೆ. ಖಾಸಗಿಯವರಿಂದ ಕೊಂಡರೆ ಆ ಕಾಯ್ದೆ ನಮ್ಮ ನೆರವಿಗೆ ಬರಲ್ಲ. ನಮ್ಮ ಬಜೆಟ್ಟಿನ ಗಾಡಿಗಳೆಲ್ಲ ಇದ್ದದ್ದು ಖಾಸಗಿಯವರ ಹತ್ರ.

ಕೆರೆಯಲ್ಲಿರೋ ಎಮ್ಮೆಗೆ ವ್ಯಾಪಾರ ಮಾಡಬೇಡ ಅಂತ ನಮ್ಮ ಕಡೆ ಹಿರಿಯರು ಹೇಳ್ತಾರೆ. ಫೋಟೋದಲ್ಲಿರೋ ಬೈಕು ಕೆರೆಯಲ್ಲಿರೋ ಎಮ್ಮೆ. ದಡಕ್ಕೆ ಬಂದ ಮೇಲೇ ಕಾಲು, ಕೊಂಬು, ಕೆಚ್ಚಲು ಕಾಣೋದು. ಲಿಮರಿಕ್‌ನಲ್ಲೇ ಬಹಳ ವರ್ಷದಿಂದ ಇರುವ, ಬೈಕ್ ಓಡಿಸುವ ಕನ್ನಡದ ಹಿರಿಯರೊಬ್ಬರು ಜೊತೆಗೆ ಬರ್ತೀನಿ ಅಂದರು. ಊರಲ್ಲಿ ಗೊತ್ತಿರೋ ಮೆಕ್ಯಾನಿಕ್ಕನ್ನ ಕರ್ಕೊಂಡು ಹೋಗ್ತೀವಲ್ಲ, ಹಾಗೆ.

ಮೊದಲು ನೋಡಿದ ಡೋವಿಲ್ ಪಳಪಳ ಹೊಳೀತಿತ್ತು. ಬೆಲೆ 1,250 ಯೂರೊ, ನಮ್ಮ ಲೆಕ್ಕಕ್ಕಿಂತ ಕಡಿಮೆ. ಮೀಟರಿನಲ್ಲಿ 31 ಸಾವಿರ. ಪುತ್ತೂರಿನವನ ಕಣ್ಣಲ್ಲಿ ಆಗಲೇ ಸಮುದ್ರ ಕಾಣ್ತಿತ್ತು. ಅಣ್ಣ ಮಾತ್ರ ನೇರವಾಗಿ ಹೋಗಿ ಇಂಜಿನ್ ಹತ್ರ ಕೈ ಇಟ್ಟರು. ನಮ್ಮ ಕಡೆ ತಿರುಗಿ ಕನ್ನಡದಲ್ಲಿ, “ಬಿಸಿ ಇದೆ ಕಣ್ರೋ. ನಾವು ಬರೋಕ್ ಮುಂಚೇನೇ ಸ್ಟಾರ್ಟ್ ಮಾಡಿಟ್ಟಿದ್ದಾರೆ” ಅಂದರು. ತಣ್ಣಗಿರುವ ಇಂಜಿನ್ನು ಹೇಗೆ ಎದ್ದೇಳುತ್ತೆ, ಮೊದಲ ಹೊಗೆ ಯಾವ ಬಣ್ಣ ಅನ್ನೋದರಲ್ಲೇ ಅರ್ಧ ಕಥೆ ಇರುತ್ತೆ. ನೀಲಿ ಹೊಗೆ ಅಂದ್ರೆ ಆಯಿಲ್ ಸುಡ್ತಿದೆ. ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ಅಂದ್ರೆ ಕೂಲಂಟ್ ಒಳಗೆ ಸೇರ್ತಿದೆ. ಆಯಿಲ್ಲೇ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿಗೆ ನಮಸ್ಕಾರ ಹೇಳಿ ಬರಬೇಕು. ಬಿಸಿ ಇಂಜಿನ್ ಈ ಕಥೆಯನ್ನು ಬಚ್ಚಿಡುತ್ತೆ.

ಆಮೇಲೆ ಟೈರು. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2312 ಅಂದ್ರೆ 2012ರ 23ನೇ ವಾರ. ಕಾನೂನಿನ ಪ್ರಕಾರ ಬೈಕ್ ಟೈರಿಗೆ ಕನಿಷ್ಠ 1 ಮಿಲಿಮೀಟರ್ ಗ್ರಿಪ್ ಇದ್ದರೆ ಸಾಕು. ಈ ಟೈರಲ್ಲಿ ಗ್ರಿಪ್ ತುಂಬಾ ಇತ್ತು, ಆದ್ರೆ ರಬ್ಬರು ಗಟ್ಟಿಯಾಗಿ ಸಣ್ಣ ಸಣ್ಣ ಬಿರುಕು. ಅಂದ್ರೆ ಗಾಡಿ ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ನಿಂತ ಗಾಡಿ ಒಳ್ಳೇದು ಅಂತ ಬಹಳ ಜನ ಅಂದ್ಕೋತಾರೆ. ನಿಂತಲ್ಲೇ ಕಾರ್ಬೊರೇಟರಲ್ಲಿ ಪೆಟ್ರೋಲ್ ಒಣಗಿ ಅಂಟಾಗುತ್ತೆ, ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತೆ, ಆಯಿಲ್ ಸೀಲುಗಳು ಬಿರಿಯುತ್ತವೆ.

ಮೀಟರಿನ 31 ಸಾವಿರವೂ ಸಂಶಯ ಹುಟ್ಟಿಸಿತು. ಐರ್ಲೆಂಡಿನ ವೇಗಮಿತಿ ಮೈಲಿಯಿಂದ ಕಿಲೋಮೀಟರಿಗೆ ಬದಲಾದದ್ದು 2005ರ ಜನವರಿ 20ರಂದು. ಅದಕ್ಕಿಂತ ಹಿಂದಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಮೈಲಿ ಮೀಟರು. ಇದು 2001ರ ಗಾಡಿ, ಮೀಟರು ಮಾತ್ರ ಕಿಲೋಮೀಟರಿನದು. ಬದಲಾಯಿಸಿದ್ದಾರೆ ಅಂತ ಆಯ್ತು. ಯಾವಾಗ, ಆಗ ಎಷ್ಟು ಓಡಿತ್ತು ಅನ್ನೋದಕ್ಕೆ ಉತ್ತರ ಇರಲಿಲ್ಲ. ನೋಂದಣಿ ಪತ್ರ ಕೇಳಿದ್ರೆ ಅದು ಬೇರೆ ಮನೆಯಲ್ಲಿದೆ ಅಂದರು.

ಕೊನೆಗೆ ನಮ್ಮ ಪದವಿಯ ಮರ್ಯಾದೆ ಉಳಿಸಿದ್ದು ಹದಿನೈದು ಯೂರೊ ಮಲ್ಟಿಮೀಟರು. ಇಂಜಿನ್ ನಿಲ್ಲಿಸಿದಾಗ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸಬೇಕು, ಇಂಜಿನ್ ಓಡಿಸಿ ರೇಸ್ ಕೊಟ್ಟಾಗ 14ರ ಆಸುಪಾಸಿಗೆ ಏರಬೇಕು. ಇಲ್ಲಿ ರೇಸ್ ಕೊಟ್ಟರೂ 12.4ರಲ್ಲೇ ಕೂತಿತ್ತು. ಚಾರ್ಜೇ ಆಗ್ತಿಲ್ಲ. ರೆಗ್ಯುಲೇಟರ್ ಹೋಗಿರಬಹುದು, ಅದು ಚಿಕ್ಕ ಖರ್ಚು. ಸ್ಟೇಟರ್ ಹೋಗಿದ್ದರೆ ದೊಡ್ಡ ಖರ್ಚು. ಯಾವುದು ಅಂತ ಬಿಚ್ಚದೇ ಗೊತ್ತಾಗಲ್ಲ.

ಬರುವ ದಾರಿಯಲ್ಲಿ ನಮ್ಮಿಬ್ಬರಿಗೂ ಮಾತು ಬೆಳೀತು. 450 ಯೂರೊ ಉಳಿಯುತ್ತೆ, ಅಷ್ಟರಲ್ಲಿ ಎಲ್ಲಾ ರಿಪೇರಿ ಮುಗಿಸಬಹುದು ಅಂತ ಒಬ್ಬನ ವಾದ. ರಿಪೇರಿ ಸರಿ, ಗೊತ್ತಿಲ್ಲದ್ದಕ್ಕೆ ಎಲ್ಲಿಂದ ದುಡ್ಡು ತರ್ತೀಯ ಅಂತ ಇನ್ನೊಬ್ಬನ ವಾದ. ಹಿಂದಿನ ಸೀಟಿಂದ ಅಣ್ಣ ಒಂದೇ ಮಾತು ಕೇಳಿದರು. “ಬ್ರೇಕ್ ಡಿಸ್ಕ್ ನೋಡಿದ್ರಾ? ಈ ಗಾಡೀಲಿ ಮಳೇಲಿ ಇಳಿಜಾರಲ್ಲಿ ನಿಮ್ಮಲ್ಲಿ ಯಾರು ಮೊದ್ಲು ಹೋಗ್ತೀರಿ?” ಇಬ್ಬರೂ ಸುಮ್ಮನಾದ್ವಿ. ಉಳಿತಾಯದ ಲೆಕ್ಕ ಹಾಕೋವಾಗ ನಾವು ಅದರ ಮೇಲೆ ಕೂರುವವರು ಅನ್ನೋದು ಮರೆತೇ ಹೋಗಿತ್ತು.

ನೋಟ್‌ಬುಕ್ ಇದ್ದ ಗಾಡಿ

ಎರಡನೇ ಡೋವಿಲ್ ಸಿಕ್ಕಿದ್ದು ಎನ್ನಿಸ್ ಹತ್ತಿರದ ಹಳ್ಳಿಯಲ್ಲಿ. ನಂಬರು 04-ಸಿಇಯಿಂದ ಶುರು, ಅಂದ್ರೆ 2004ರ ಕ್ಲೇರ್ ಗಾಡಿ. ಬೆಲೆ 1,700. ಸೈಲೆನ್ಸರ್ ಕೆಳಗೆ ತುಕ್ಕು, ಎಡಗಡೆ ಪೆಟ್ಟಿಗೆಯ ಮೇಲೆ ಉದ್ದನೆ ಗೀರು. ಮೀಟರಲ್ಲಿ 58 ಸಾವಿರ, ಅದೂ ಮೈಲಿ. ಕಿಲೋಮೀಟರಲ್ಲಿ 93 ಸಾವಿರ. ಫೋಟೋದಲ್ಲೇ ನೋಡಿ ಬಿಟ್ಟುಬಿಡುವಂಥ ಗಾಡಿ.

ಮಾರುತ್ತಿದ್ದವರು ನಿವೃತ್ತರು. ಮಂಡಿ ನೋವು, 250 ಕಿಲೋ ಇನ್ನು ತಡೆಯೋಕೆ ಆಗಲ್ಲ ಅಂದರು. ಇಂಜಿನ್ ಮುಟ್ಟಿದ್ರೆ ಕಲ್ಲಿನ ಹಾಗೆ ತಣ್ಣಗೆ. “ನೀವು ಬಂದ ಮೇಲೇ ಸ್ಟಾರ್ಟ್ ಮಾಡೋಣ ಅಂತ ಬಿಟ್ಟಿದ್ದೆ” ಅಂದರು. ಚೋಕ್ ಎಳೆದರು, ಎರಡನೇ ಸಲಕ್ಕೆ ಎದ್ದಿತು. ಹೊಗೆ ಒಂದು ಕ್ಷಣ ಬಿಳಿ, ಆಮೇಲೆ ಏನೂ ಇಲ್ಲ. ಮಲ್ಟಿಮೀಟರ್ 14.1. ಮಧ್ಯದ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರು ಅದುಮಿ, ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದ್ವಿ. ನಟ್ಟನಡುವೆ ಎಲ್ಲೂ ಹಿಡಿಯಲಿಲ್ಲ, ಅಂದ್ರೆ ಕೋನ್ ಸೆಟ್ ಸರಿ ಇದೆ. ಬ್ರೇಕ್ ಹಿಡಿದು ಮುಂದಕ್ಕೆ ಹಿಂದಕ್ಕೆ ತಳ್ಳಿದ್ರೆ ಟಕ್ ಅನ್ನಲಿಲ್ಲ. ಫೋರ್ಕ್ ಮೇಲೆ ಬೆರಳಾಡಿಸಿದ್ರೆ ಆಯಿಲ್ ಅಂಟಲಿಲ್ಲ. ಹಿಂದಿನ ಚಕ್ರದ ಹತ್ರ, ಶಾಫ್ಟ್ ಬಂದು ಸೇರುವಲ್ಲಿ, ಜಿನುಗಿದ ಗುರುತಿಲ್ಲ. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೊರೆದಿರ್ತಾರೆ. ಅಳತೆ ಮಾಡಿದ್ವಿ, ಇನ್ನೂ ಉಳಿದಿತ್ತು. ಹ್ಯಾಂಡಲ್ ಕುತ್ತಿಗೆಯ ಹತ್ರ ಚಾಸಿಯಲ್ಲಿ ಕೊರೆದ ನಂಬರನ್ನು ನೋಂದಣಿ ಪತ್ರದ ಜೊತೆ ಅಕ್ಷರ ಅಕ್ಷರ ತಾಳೆ ನೋಡಿದ್ವಿ. ಪತ್ರದಲ್ಲಿದ್ದ ಹೆಸರೂ ಅವರದೇ, ವಿಳಾಸವೂ ನಾವು ನಿಂತಿದ್ದ ಮನೆಯದೇ.

ಓಡಿಸಿ ನೋಡುವ ಹಾಗಿರಲಿಲ್ಲ. ವಿಮೆ ಇಲ್ಲದೆ ರಸ್ತೆಗಿಳಿಯೋದು ಇಲ್ಲಿ ದೊಡ್ಡ ಅಪರಾಧ. ಅಣ್ಣನ ಪಾಲಿಸಿಯಲ್ಲೂ ಬೇರೆಯವರ ಗಾಡಿಗೆ ಅವಕಾಶ ಇರಲಿಲ್ಲ. ಅವರೇ ಓಡಿಸಿ ತೋರಿಸಿದರು, ನಾವು ಕಾರಲ್ಲಿ ಹಿಂದೆ ಹೋಗಿ ಹೊಗೆ, ಲೈಟು, ಚಕ್ರದ ನೇರ ನೋಡಿದ್ವಿ.

ಆಮೇಲೆ ಒಳಗೆ ಕರೆದು ಟೀ ಕೊಟ್ಟರು. ಟೀ ಜೊತೆ ಒಂದು ಫೈಲು, ಒಂದು ನೋಟ್‌ಬುಕ್ ತಂದಿಟ್ಟರು. ಫೈಲಿನಲ್ಲಿ ಹದಿನಾಲ್ಕು ವರ್ಷದ ರಸೀದಿ. ಎಂದು ಫೋರ್ಕ್ ಸೀಲ್ ಹಾಕಿದ್ದು, ಎಂದು ಹಿಂದಿನ ಚಕ್ರ ತೆಗೆದು ಸ್ಪ್ಲೈನಿಗೆ ಗ್ರೀಸ್ ಹಾಕಿದ್ದು, ಎಂದು ರೆಗ್ಯುಲೇಟರ್ ಬದಲಾಯಿಸಿದ್ದು. ನೋಟ್‌ಬುಕ್ಕಿನಲ್ಲಿ ಪ್ರತಿ ಸಲ ಪೆಟ್ರೋಲ್ ಹಾಕಿದ ದಿನ, ಮೈಲಿ, ಲೀಟರು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರಲ್ಲ, ಆ ದಿನಗಳಲ್ಲಿ ಓಡಿಸಿದ ಮೇಲೆ ತಣ್ಣೀರಲ್ಲಿ ತೊಳೆದದ್ದಕ್ಕೂ ಒಂದು ಸಣ್ಣ ಗುರುತು. ಉಪ್ಪು ಇಲ್ಲಿನ ಗಾಡಿಗಳ ನಿಜವಾದ ಶತ್ರು. ಮಂಗಳೂರಿನ ಕಡಲ ಗಾಳಿ ನೋಡಿದವನಿಗೆ ಇದನ್ನ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ನೋಟ್‌ಬುಕ್ ನೋಡಿದ ಮೇಲೆ ನಾವಿಬ್ಬರೂ ಮಾತಾಡಿಕೊಳ್ಳಲೇ ಇಲ್ಲ. ಸರ್ಕಾರದ ಪರೀಕ್ಷೆ ಇಲ್ಲದ ಕಡೆ, ಒಬ್ಬರು ಹದಿನಾಲ್ಕು ವರ್ಷ ತಮಗೆ ತಾವೇ ಪರೀಕ್ಷೆ ಇಟ್ಟುಕೊಂಡು ಉತ್ತರ ಬರೆದಿದ್ದರು. 93 ಸಾವಿರ ಕಿಲೋಮೀಟರ್ ಅನ್ನೋದು ಆಗ ದೊಡ್ಡ ಸಂಖ್ಯೆ ಅನ್ನಿಸಲಿಲ್ಲ. ಎಲ್ಲಾ ಕಿಲೋಮೀಟರಿಗೂ ಲೆಕ್ಕ ಇತ್ತು. ನೂಲಿನಂತೆ ಸೀರೆ ಅಂತಾರಲ್ಲ, ಮಾಲೀಕರಂತೆ ಗಾಡಿ. ಚೌಕಾಶಿ ಮಾಡಬೇಕು ಅಂತ ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ ದಾವಣಗೆರೆಯವ ಬಾಯೇ ತೆರೆಯಲಿಲ್ಲ. ಅವರೇ ಹಳೇ ಮಳೆ ಕೋಟು, ಎರಡು ಆಯಿಲ್ ಫಿಲ್ಟರ್ ಸೇರಿಸಿ ಕೊಟ್ಟರು.

ಕಾಗದ, ಕಿಟ್, ರಸ್ತೆ

ಕಾಗದದ ಕೆಲಸ ನಮ್ಮ ಫಾರಂ 29, 30ಕ್ಕಿಂತ ಸುಲಭ. ನೋಂದಣಿ ಪತ್ರದಲ್ಲಿ ಕೊಳ್ಳುವವರ ವಿವರ ತುಂಬಿ, ಸಹಿ ಹಾಕಿ, ಮಾರುವವರು ಶ್ಯಾನನ್‌ನಲ್ಲಿರುವ ಸಾರಿಗೆ ಇಲಾಖೆಯ ಕಚೇರಿಗೆ ಕಳಿಸಬೇಕು. ಅಂಚೆಗೆ ಹಾಕುವ ಮೊದಲು ಅದರ ಫೋಟೋ ತೆಗೆದಿಟ್ಟುಕೊಳ್ಳಿ, ಹಣ ಕೊಟ್ಟದ್ದಕ್ಕೆ ಸಹಿ ಮಾಡಿದ ರಸೀದಿಯನ್ನೂ ಇಟ್ಟುಕೊಳ್ಳಿ. ಹಣ ಕೊಡೋ ಮೊದಲೇ, ಗಾಡಿಯ ಮೇಲೆ ಸಾಲ ಬಾಕಿ ಇದೆಯಾ, ಅಪಘಾತದಲ್ಲಿ ರೈಟ್-ಆಫ್ ಆಗಿತ್ತಾ ಅಂತ ನೋಡುವ ಹಿಸ್ಟರಿ ಚೆಕ್ ಮಾಡಿಸಿ. ಕೆಲವು ಯೂರೊಗಳಲ್ಲಿ ಮುಗಿಯುತ್ತೆ.

ಕಿಟ್ ಹಾಕಿಸುವವರೆಗೆ ಆ ಗಾಡಿ ನಮ್ಮ ಪರ್ಮಿಟ್ಟಿಗೆ ಸಲ್ಲದು. ಹಾಗಾಗಿ ವ್ಯಾನಿನಲ್ಲಿ ವರ್ಕ್‌ಶಾಪಿಗೆ ಸಾಗಿಸಿ, ಕಿಟ್ ಹಾಕಿಸಿ, ಸರ್ಟಿಫಿಕೇಟ್ ಪಡೆದದ್ದಕ್ಕೆ 300 ಯೂರೊ ಆಯ್ತು. ಇದರಿಂದ ಇನ್ನೊಂದು ಲಾಭ ಇದೆ. 35 ಕಿಲೋವ್ಯಾಟಿಗೆ ಇಳಿಸಿದ ಡೋವಿಲ್ಲಿನಲ್ಲೇ ನಾವು ಎ2 ಟೆಸ್ಟ್ ಕೊಡಬಹುದು. ಎ ಟೆಸ್ಟಿಗಾದರೆ ಕನಿಷ್ಠ 50 ಕಿಲೋವ್ಯಾಟಿನ ಗಾಡಿ ತರಬೇಕು, ಡೋವಿಲ್ ಪೂರ್ತಿ ಶಕ್ತಿಯಲ್ಲೂ ಅದಕ್ಕೆ ಸಾಲದು.

ಒಟ್ಟು ಲೆಕ್ಕ ಹೀಗಿದೆ. ಗಾಡಿ 1,700, ವಿಮೆ 980, ಕಿಟ್ ಮತ್ತು ವ್ಯಾನ್ 300, ತೆರಿಗೆ 88. ತಲಾ ತರಬೇತಿ ಮತ್ತು ಪರ್ಮಿಟ್ಟಿಗೆ ಸುಮಾರು 550, ಹೆಲ್ಮೆಟ್ಟು, ಜಾಕೆಟ್ಟು, ಗ್ಲೌಸು, ಬೂಟಿಗೆ ಸುಮಾರು 450. ಇಬ್ಬರದೂ ಸೇರಿ 5,000 ಯೂರೊ ದಾಟಿತು. ಗಾಡಿಯ ಬೆಲೆ ಅದರಲ್ಲಿ ಮೂರನೇ ಒಂದು ಭಾಗ. ಫೋಟೋ ನೋಡಿ ಬಜೆಟ್ ಹಾಕುವವರು ಇದನ್ನ ನೆನಪಿಟ್ಟುಕೊಳ್ಳಿ. ಊರಿಂದ ಐಎಸ್‌ಐ ಹೆಲ್ಮೆಟ್ ತರೋ ಯೋಚನೆ ಇದ್ರೆ ಬೇಡ, ಇಲ್ಲಿ ಇಸಿಇ ಗುರುತು ಇರಬೇಕು.

ಈಗ ಒಪ್ಪಂದದ ಪ್ರಕಾರ ಶನಿವಾರ ಒಬ್ಬ, ಭಾನುವಾರ ಇನ್ನೊಬ್ಬ. ಎಂ18 ಮೋಟರ್‌ವೇ ಹತ್ತುವ ಹಾಗಿಲ್ಲವಲ್ಲ, ನ್ಯೂಮಾರ್ಕೆಟ್-ಆನ್-ಫರ್ಗಸ್, ಕ್ಲೇರ್‌ಕ್ಯಾಸಲ್ ಹಾದು ಹೋಗುವ ಹಳೇ ರಸ್ತೆಯಲ್ಲೇ ಪ್ರಯಾಣ. ಅದೇ ಚೆಂದದ ದಾರಿ ಅಂತ ಆಮೇಲೆ ಗೊತ್ತಾಯ್ತು. ಒಬ್ಬ ಲೂಪ್ ಹೆಡ್‌ವರೆಗೆ ಹೋಗಿ ಬಂದ. ಇನ್ನೊಬ್ಬ ಕಿಲ್ಲಿಮರ್‌ನಲ್ಲಿ ಗಾಡಿ ಸಮೇತ ಫೆರ್ರಿ ಹತ್ತಿ, ಇಪ್ಪತ್ತು ನಿಮಿಷದಲ್ಲಿ ಶ್ಯಾನನ್ ನದಿಯ ಅಳಿವೆ ದಾಟಿ ಕೆರಿಯ ಟಾರ್ಬರ್ಟ್‌ನಲ್ಲಿ ಇಳಿದ. ಮನೆಯಲ್ಲಿ ಉಳಿದವನು ರಾತ್ರಿ ಊಟ ಮಾಡಿಟ್ಟು ಕಾಯ್ತಾನೆ. ಬಂದವನು ಮೊದಲು ಚೈನ್ ಲಾಕ್ ಹಾಕಿ, ನೋಟ್‌ಬುಕ್ ತೆಗೆದು ದಿನಾಂಕ, ಮೈಲಿ, ಲೀಟರು ಬರೆದ ಮೇಲೇ ತಟ್ಟೆಗೆ ಕೈ ಹಾಕಬೇಕು. ಇದು ಒಪ್ಪಂದದ ಕೊನೆಯ ಕಲಮು.

ಅದೇ ನೋಟ್‌ಬುಕ್ಕು. ಅವರ ಇಂಗ್ಲಿಷ್ ಸಾಲುಗಳು ಮುಗಿದ ಕಡೆಯಿಂದ ನಮ್ಮ ಕನ್ನಡದ ಸಾಲುಗಳು ಶುರುವಾಗಿವೆ. ನಮ್ಮ ಓದು, ಆಮೇಲಿನ ಕೆಲಸದ ವೀಸಾ ಎಲ್ಲಿಗೆ ಕರ್ಕೊಂಡು ಹೋಗುತ್ತೋ ಗೊತ್ತಿಲ್ಲ. ಒಂದಲ್ಲ ಒಂದು ದಿನ ಈ ಗಾಡಿ ಇನ್ನೊಬ್ಬರ ಕೈಗೆ ಹೋಗುತ್ತೆ. ಅವರು ಬಂದಾಗ ಇಂಜಿನ್ ತಣ್ಣಗಿರುತ್ತೆ, ಫೈಲು ಮೇಜಿನ ಮೇಲಿರುತ್ತೆ. ಅಲ್ಲಿಯವರೆಗೆ ನಿಮ್ಮಲ್ಲಿ ಯಾರಾದ್ರೂ ಹಳೇ ಗಾಡಿ ನೋಡೋಕೆ ಹೊರಟಿದ್ದರೆ ಕರೆಯಿರಿ, ಮಲ್ಟಿಮೀಟರ್ ತಗೊಂಡು ಬರ್ತೀವಿ. ಕಾರಿನ ಪೆಟ್ರೋಲು, ಮಧ್ಯಾಹ್ನದ ಊಟ ನಿಮ್ಮದು.